ಮಾತು ನಿಲ್ಲಿಸಲು ಕಲಿತ ಆರು ವಾರ

ಗಂಭೀರ ಕಾಯಿಲೆ ಇರುವವರ ಜೊತೆ ಮುಂದಿನ ಚಿಕಿತ್ಸೆಯ ಬಗ್ಗೆ ಮಾತಾಡುವುದನ್ನು ಡಾಕ್ಟರುಗಳಿಗೆ ಕಲಿಸುವ ತರಬೇತಿ ಅದು. ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ನನ್ನ ಸರದಿ ಬಂತು. ಎದುರಿಗೆ ಒಬ್ಬ ನಟಿ ಕೂತಿದ್ದರು. ಅವರಿಗೆ ಕೊಟ್ಟಿದ್ದ ಪಾತ್ರ 62 ವರ್ಷದ ಹೆಂಗಸಿನದು. ಶ್ವಾಸಕೋಶದ ಕಾಯಿಲೆ, ಸಿಒಪಿಡಿ, ತುಂಬಾ ಮುಂದುವರಿದಿದೆ. ಎಂಟು ತಿಂಗಳಲ್ಲಿ ಮೂರು ಸಲ ಆಸ್ಪತ್ರೆ ಸೇರಿದ್ದಾರೆ. ಮುಂದೆ ಉಸಿರಾಟ ಇನ್ನೂ ಕೆಟ್ಟರೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅನ್ನುವುದನ್ನು ನಾನು ಅವರ ಜೊತೆ ಮಾತಾಡಬೇಕಿತ್ತು. ಸುತ್ತಲೂ ಐದು ಜನ ಡಾಕ್ಟರುಗಳು, ಪಕ್ಕದಲ್ಲಿ ತರಬೇತಿ ಕೊಡುವ ಸಿಸ್ಟರ್. ನಾನು 14 ವರ್ಷದಿಂದ ಇಂಥ ರೋಗಿಗಳನ್ನೇ ನೋಡುತ್ತಾ ಬಂದವಳು. ಇದೇನೂ ಕಷ್ಟ ಆಗಲ್ಲ ಅಂದುಕೊಂಡೇ ಶುರು ಮಾಡಿದೆ.

ಆರು ನಿಮಿಷ ಆದ ಮೇಲೆ ಸಿಸ್ಟರ್ ಕೈ ಎತ್ತಿ ನಿಲ್ಲಿಸಿದರು. ರೆಕಾರ್ಡ್ ಮಾಡಿದ್ದನ್ನು ಕೇಳಿಸಿದರು. ಆರು ನಿಮಿಷದಲ್ಲಿ ಹತ್ತಿರ ಹತ್ತಿರ ಐದು ನಿಮಿಷ ನನ್ನ ದನಿಯೇ ಇತ್ತು. ಆಕೆ ಹೇಳಿದ್ದು ನಾಲ್ಕು "ಹೂಂ", ಒಂದು "ಸರಿ ಡಾಕ್ಟ್ರೇ".

ಸಿಸ್ಟರ್ ಅವರನ್ನು ಕೇಳಿದರು, "ನಿಮಗೆ ಏನು ನೆನಪಿದೆ?"

"ವೆಂಟಿಲೇಟರ್ ಅಂದ್ರಲ್ಲ, ಅಲ್ಲಿವರೆಗೂ ಕೇಳಿಸ್ತು. ಆಮೇಲೆ ಏನೂ ತಲೆಗೆ ಹೋಗ್ಲಿಲ್ಲ. ನಾನು ಆಸ್ಪತ್ರೇಲಿ ಬಿದ್ದಿದ್ರೆ ನಮ್ಮನೆಯವರ ಮಾತ್ರೆ ಯಾರು ನೋಡಿ ಕೊಡ್ತಾರೆ ಅಂತ ಯೋಚ್ನೆ ಮಾಡ್ತಾ ಇದ್ದೆ."

ವೆಂಟಿಲೇಟರ್ ಅನ್ನುವ ಪದ ನಾನು ಹೇಳಿದ್ದು ಎರಡನೇ ನಿಮಿಷದಲ್ಲಿ. ಉಳಿದಷ್ಟು ಹೊತ್ತೂ ನನ್ನ ಮಾತು ಯಾರಿಗೂ ತಲುಪಿರಲಿಲ್ಲ.

ಈ ತರಬೇತಿಗೆ ನಾನು ಹೆಸರು ಕೊಟ್ಟಿದ್ದು ಒಬ್ಬ ರೋಗಿಯ ಕಾರಣದಿಂದ. ಮೂರು ವರ್ಷ ನನ್ನ ಹತ್ತಿರ ಬರುತ್ತಿದ್ದ ಹಿರಿಯರು. ಒಂದು ರಾತ್ರಿ ಉಸಿರು ಸಿಗದೆ ಬಂದರು, ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್ ಮೇಲೆ ಇಟ್ಟರು. 19 ದಿನ ಐಸಿಯುನಲ್ಲಿದ್ದರು. ಮುಂದುವರಿಸಬೇಕು ಅಂತ ಒಬ್ಬ ಮಗ, ಸಾಕು ಅಂತ ಇನ್ನೊಬ್ಬ. ಕೊನೆಗೆ ಇಬ್ಬರೂ ನನ್ನ ಮುಂದೆ ಬಂದು ನಿಂತರು. "ಮೂರು ವರ್ಷದಿಂದ ನೋಡ್ತಿದೀರಲ್ಲ ಡಾಕ್ಟ್ರೇ, ಅಪ್ಪ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?" ನಾನು ಫೈಲ್ ತೆಗೆದು ನೋಡಿದೆ. 22 ಭೇಟಿ. ಪ್ರತಿ ಪುಟದಲ್ಲೂ ಉಸಿರಾಟದ ಪರೀಕ್ಷೆಯ ಅಂಕಿ, ಇನ್ಹೇಲರ್ ಬದಲಾಯಿಸಿದ್ದು, ಆಕ್ಸಿಜನ್ ಎಷ್ಟು ಅನ್ನುವುದು. ಆ ಮನುಷ್ಯನಿಗೆ ಏನು ಬೇಕಿತ್ತು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಕೇಳಿರಲೇ ಇಲ್ಲ. ಆ ಅಣ್ಣತಮ್ಮಂದಿರು ಈಗ ಮಾತಾಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಇದು ನನ್ನನ್ನು ಬಹಳ ದಿನ ಕಾಡಿತು.

ಮುಂದಿನ ಚಿಕಿತ್ಸೆಯ ಬಗ್ಗೆ ಹೀಗೆ ಮೊದಲೇ ಮಾತಾಡಿ ಗೊತ್ತು ಮಾಡಿಕೊಳ್ಳುವುದಕ್ಕೆ ಅಡ್ವಾನ್ಸ್ ಕೇರ್ ಪ್ಲಾನಿಂಗ್ ಅನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಸಹಿ ಹಾಕುವ ಒಂದು ಪತ್ರ. ನನಗೂ ಅಷ್ಟೇ ಗೊತ್ತಿತ್ತು. ಪತ್ರ ಬೇಕು, ಆದರೆ ಅದು ಕೊನೆಯ ಕೆಲಸ. ಅದಕ್ಕೆ ಮೊದಲು ರೋಗಿ ತನ್ನ ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾನೆ, ಯಾವುದಕ್ಕೆ ಹೆದರುತ್ತಾನೆ, ಯಾವುದನ್ನು ಕಳೆದುಕೊಂಡರೆ ಬದುಕು ಬೇಡ ಅನ್ನಿಸುತ್ತದೆ, ತನಗೆ ಮಾತು ಬಾರದಾಗ ಯಾರು ತನ್ನ ಪರ ಮಾತಾಡಬೇಕು ಅನ್ನುವುದೆಲ್ಲ ಹೊರಗೆ ಬರಬೇಕು. ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕಾಯಿಲೆ ಬದಲಾದ ಹಾಗೆ ಮನಸ್ಸೂ ಬದಲಾಗುತ್ತದೆ.

ತರಬೇತಿಗೆ ಮೊದಲು ಓದಲು ಕೆಲವು ಅಧ್ಯಯನ ಕೊಟ್ಟಿದ್ದರು. ಎರಡು ನನ್ನನ್ನು ತಟ್ಟಿದವು. ಒಂದು ಅಮೆರಿಕದ ಐದು ಆಸ್ಪತ್ರೆಗಳಲ್ಲಿ ನಡೆದ ಸಪೋರ್ಟ್ ಅಧ್ಯಯನ, 1995ರಲ್ಲಿ ಪ್ರಕಟವಾದದ್ದು. 9,105 ರೋಗಿಗಳು, ಎಲ್ಲರಿಗೂ ಜೀವಕ್ಕೆ ಅಪಾಯ ಇರುವ ಕಾಯಿಲೆ. ಹೃದಯ ನಿಂತರೆ ಎದೆ ಒತ್ತಿ ಬದುಕಿಸುವ ಪ್ರಯತ್ನ ತನಗೆ ಬೇಡ ಅಂತ ರೋಗಿಗೆ ಇದ್ದರೂ, ಅದು ಗೊತ್ತಿದ್ದದ್ದು 47% ಡಾಕ್ಟರುಗಳಿಗೆ ಮಾತ್ರ. ಇದನ್ನು ಸರಿಪಡಿಸೋಣ ಅಂತ ಎರಡನೇ ಹಂತದಲ್ಲಿ ರೋಗಿ ಎಷ್ಟು ದಿನ ಬದುಕಬಹುದು ಅನ್ನುವ ಅಂದಾಜನ್ನು ಡಾಕ್ಟರುಗಳಿಗೆ ಕೊಟ್ಟರು, ಮಾತುಕತೆಗೆ ಸಹಾಯ ಮಾಡಲು ನರ್ಸ್‌ಗಳನ್ನು ನೇಮಿಸಿದರು. ಏನೂ ಸುಧಾರಿಸಲಿಲ್ಲ. ಮಾಹಿತಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟರೆ ಅದು ತಾನಾಗಿಯೇ ರೋಗಿಯ ಜೊತೆ ಮಾತಾಗುವುದಿಲ್ಲ.

ಇನ್ನೊಂದು 2000ನೇ ಇಸವಿಯದು. 343 ಡಾಕ್ಟರುಗಳಿಗೆ, ಅವರು ಹಾಸ್ಪಿಸ್‌ಗೆ, ಅಂದರೆ ಕೊನೆಗಾಲದ ಆರೈಕೆಗೆ, ಕಳಿಸಿದ 468 ರೋಗಿಗಳ ಬಗ್ಗೆ, ಇವರು ಎಷ್ಟು ದಿನ ಇರಬಹುದು ಅಂತ ಕೇಳಿದ್ದರು. ಅಂದಾಜು ಸರಿಯಾದದ್ದು ಐದರಲ್ಲಿ ಒಂದು ಮಾತ್ರ. ಒಟ್ಟಾರೆ ನಿಜವಾಗಿ ಬದುಕಿದ್ದಕ್ಕಿಂತ 5.3 ಪಟ್ಟು ಜಾಸ್ತಿ ಹೇಳಿದ್ದರು. ರೋಗಿಯನ್ನು ಹೆಚ್ಚು ವರ್ಷದಿಂದ ಬಲ್ಲ ಡಾಕ್ಟರು ಹೆಚ್ಚು ತಪ್ಪಿದ್ದರು. ನನ್ನ ಆ ಹಿರಿಯರ ಫೈಲ್ ನೆನಪಾಯಿತು. ಅವರನ್ನು ಇಷ್ಟಪಡುತ್ತಿದ್ದೆ. ಇನ್ನೂ ಟೈಮ್ ಇದೆ ಅಂತಲೇ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ.

ಮಧ್ಯಾಹ್ನ ನಮಗೆ ಒಂದು ಹಾಳೆ ಕೊಟ್ಟರು. ಅಮೆರಿಕದ ಅರಿಯಾಡ್ನೆ ಲ್ಯಾಬ್ಸ್ ತಯಾರಿಸಿದ, ಗಂಭೀರ ಕಾಯಿಲೆ ಇರುವವರ ಜೊತೆ ಮಾತಾಡುವ ಕೈಪಿಡಿ. ಮೊದಲು ಮಾತಾಡಬಹುದಾ ಅಂತ ಅನುಮತಿ ಕೇಳಬೇಕು. ನಿಮ್ಮ ಕಾಯಿಲೆ ಈಗ ಎಲ್ಲಿಗೆ ಬಂದಿದೆ ಅಂತ ನಿಮಗೆ ಅನ್ನಿಸುತ್ತೆ ಅಂತ ಕೇಳಬೇಕು. ಎಷ್ಟು ತಿಳಿದುಕೊಳ್ಳಲು ಇಷ್ಟ ಅಂತ ಕೇಳಬೇಕು. ಅದಾದ ಮೇಲೆ ಮಾತ್ರ ನಮ್ಮ ಅಂದಾಜು. ಆಮೇಲೆ ಮತ್ತೆ ಪ್ರಶ್ನೆಗಳೇ: ಏನು ಮುಖ್ಯ, ಏನು ಭಯ, ಯಾವುದು ಧೈರ್ಯ ಕೊಡುತ್ತೆ, ಇನ್ನಷ್ಟು ದಿನ ಬದುಕಲು ಎಷ್ಟು ಕಷ್ಟ ಪಡಲು ಸಿದ್ಧ, ಮನೆಯವರಿಗೆ ಇದೆಲ್ಲ ಎಷ್ಟು ಗೊತ್ತು. ನೋಡಲು ಸುಲಭ. ಓದಿ ಹೇಳಿದರೆ ಸಾಕು ಅನ್ನಿಸುತ್ತದೆ.

ಆದರೆ ಹಾಳೆ ಇಂಗ್ಲಿಷಿನಲ್ಲಿದೆ, ರೋಗಿ ಕನ್ನಡದಲ್ಲಿ ಇದ್ದಾರೆ. ಒಂದು ಇಡೀ ಸಂಜೆ ನಾವು ಕಳೆದದ್ದು ಇದರ ಮೇಲೆ. "ನಿಮಗೆ ಏನು ಮುಖ್ಯ?" ಅಂತ ಕೇಳಿದರೆ ಬರುವ ಉತ್ತರ ಒಂದೇ, "ಗುಣ ಆಗೋದು". ಅಲ್ಲಿಗೆ ಮಾತು ನಿಲ್ಲುತ್ತದೆ. ಬದಲಿಗೆ "ಒಂದು ಒಳ್ಳೆ ದಿನ ಅಂದ್ರೆ ನಿಮಗೆ ಹೇಗಿರುತ್ತೆ?" ಅಂತ ಕೇಳಿದರೆ ಜನ ಹೇಳುತ್ತಾರೆ. ಯಾರ ಸಹಾಯವೂ ಇಲ್ಲದೆ ಬಚ್ಚಲಿಗೆ ಹೋಗುವುದು, ಬಾಗಿಲ ಹತ್ತಿರ ಕೂತು ಬರುವವರನ್ನು ಮಾತಾಡಿಸುವುದು. ಇಂಥವು ಬರುತ್ತವೆ.

ಇನ್ನೊಂದು ತೊಡಕು ನಮ್ಮ ವಾಕ್ಯದಲ್ಲೇ ಇದೆ. ಕೆಟ್ಟ ಸುದ್ದಿಗೆ ಮೊದಲು ಆಸೆ, ಆಮೇಲೆ ಆತಂಕ ಹೇಳಿ ಅಂತ ಕಲಿಸುತ್ತಾರೆ. ಇಂಗ್ಲಿಷಿನಲ್ಲಿ ಆತಂಕ ಅನ್ನುವ ಮಾತು ಮೊದಲು ಬಂದು, ಸುದ್ದಿ ಹಿಂದಿನಿಂದ ಬರುತ್ತದೆ. ಕೇಳುವವರಿಗೆ ಒಂದು ಗಳಿಗೆ ಸಿಗುತ್ತದೆ. ನಮ್ಮಲ್ಲಿ ಸುಮ್ನೆ ಹಾಗೇ ಹೇಳಿದರೆ, "ಕಾಯಿಲೆ ಬೇಗ ಜಾಸ್ತಿ ಆಗಿ ನೀವು ಉಳಿಯಲ್ಲವೇನೋ ಅಂತ ನನಗೆ ಆತಂಕ" ಅಂತಾಗುತ್ತದೆ. ಪೆಟ್ಟು ಮೊದಲು ಬೀಳುತ್ತದೆ, ಆತಂಕ ಅನ್ನುವುದು ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ವಾಕ್ಯವನ್ನು ಮುರಿದೆವು. "ನೀವು ಇನ್ನೂ ತುಂಬಾ ದಿನ ಹೀಗೇ ಓಡಾಡಿಕೊಂಡು ಇರ್ಬೇಕು ಅಂತ ನನಗೂ ಆಸೆ. ಆದ್ರೆ ಒಂದು ಆತಂಕ ಇದೆ." ಇಲ್ಲಿ ನಿಲ್ಲಬೇಕು. ಅವರು ಮುಖ ಎತ್ತಿ ನೋಡಿದ ಮೇಲೆ ಉಳಿದದ್ದು. ಆ ನಿಲ್ಲುವಿಕೆಯನ್ನು ನಾನು ಅವತ್ತು ಹದಿನೈದು ಸಲ ಅಭ್ಯಾಸ ಮಾಡಿರಬೇಕು.

ನಿಲ್ಲುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಎರಡನೇ ದಿನದ ಪಾತ್ರದಲ್ಲಿ ಆ ನಟಿ ಅತ್ತರು. ನನ್ನ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು, ಬಾಯಿಂದ "ಹೊಸ ಔಷಧಿಗಳು ಬಂದಿವೆ" ಅಂತ ಬಂತು. ಸಿಸ್ಟರ್ ಮತ್ತೆ ಕೈ ಎತ್ತಿದರು.

"ಡಾಕ್ಟ್ರೇ, ಅವರು ಅತ್ತಿದ್ದು ಔಷಧಿ ಕೇಳೋದಕ್ಕಾ?"

"ಅಲ್ಲ."

"ಹಾಗಾದ್ರೆ ಆ ಔಷಧಿ ಯಾರಿಗೆ?"

ಅದು ನನಗೇ ಅಂತ ಗೊತ್ತಾಯಿತು. ಅವರ ಅಳು ತಡೆಯಲಾಗದೆ ನಾನು ಮಾಹಿತಿಯ ಹಿಂದೆ ಅಡಗುತ್ತಿದ್ದೆ. ಸಿಸ್ಟರ್ ಪೆನ್ನು ಕೆಳಗಿಡಿ ಅಂದರು. ಇನ್ನೊಂದು ಸಲ ಮಾಡಿ, ಅಳು ಬಂದಾಗ ನೀವು ನೋಡಿದ್ದನ್ನು ಮಾತ್ರ ಹೇಳಿ, ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಅಂದರು. ನಾನು "ಇದನ್ನ ಕೇಳೋದು ತುಂಬಾ ಕಷ್ಟ ಆಗ್ತಿದೆ ನಿಮಗೆ" ಅಂದೆ. ಎಣಿಸಲು ಶುರು ಮಾಡಿದೆ. ಏಳಕ್ಕೆ ಆಕೆ ಕಣ್ಣು ಒರೆಸಿಕೊಂಡು ಕೇಳಿದರು, "ಕೊನೆಗೆ ಉಸಿರು ಕಟ್ಟಿ ಸಾಯ್ತೀನಾ?" ಇದು ಪಾತ್ರ, ಇವರು ನಟಿ ಅಂತ ಗೊತ್ತಿದ್ದೂ ನನ್ನ ಎದೆ ಝಲ್ಲೆಂದಿತು. 14 ವರ್ಷದಲ್ಲಿ ಯಾವ ರೋಗಿಯೂ ನನ್ನನ್ನು ಇದನ್ನು ಕೇಳಿರಲಿಲ್ಲ. ಕೇಳಲು ನಾನು ಜಾಗ ಕೊಟ್ಟಿರಲಿಲ್ಲ.

ನಮ್ಮ ಗುಂಪಿನ ಒಬ್ಬ ಹೃದ್ರೋಗ ತಜ್ಞರಿಗೆ ನರ್ಸ್ ಒಬ್ಬರು ಡಾಕ್ಟರಿಗೆ ಕಲಿಸುವುದು ಮೊದಲ ದಿನ ಸರಿ ಬರಲಿಲ್ಲ. ಎರಡನೇ ದಿನ ಸಂಜೆ ಅವರೇ ಹೋಗಿ ಸಿಸ್ಟರ್ ಪಕ್ಕ ಕೂತು, ತಮ್ಮ ರೋಗಿಯೊಬ್ಬರ ವಿಷಯ ಅರ್ಧ ಗಂಟೆ ಕೇಳಿಕೊಂಡರು.

"ಅಪ್ಪನಿಗೆ ಹೇಳ್ಬೇಡಿ" ಅನ್ನುವ ಮಕ್ಕಳ ಮಾತನ್ನು ಏನು ಮಾಡುವುದು ಅನ್ನುವುದರ ಮೇಲೆ ತುಂಬಾ ಚರ್ಚೆ ಆಯಿತು. ಮೊದಲೆಲ್ಲ ನಾನು ಒಂದೋ ಒಪ್ಪಿ ಸುಮ್ಮನಾಗುತ್ತಿದ್ದೆ, ಇಲ್ಲಾ ರೋಗಿಗೆ ತಿಳಿಯುವ ಹಕ್ಕಿದೆ ಅಂತ ವಾದ ಮಾಡುತ್ತಿದ್ದೆ. ಸಿಸ್ಟರ್ ಹೇಳಿಕೊಟ್ಟ ದಾರಿ ಬೇರೆ. ಹೇಳಿದರೆ ಏನಾಗುತ್ತೆ ಅಂತ ಭಯ ನಿಮಗೆ ಅಂತ ಮಕ್ಕಳನ್ನೇ ಕೇಳುವುದು. ಸಾಮಾನ್ಯವಾಗಿ ಬರುವ ಉತ್ತರ, ಅಪ್ಪ ಕುಸಿದು ಹೋಗ್ತಾರೆ. ಆಗ ಹೇಳುವುದು: "ಅವರು ಕೇಳದೆ ಇರೋದನ್ನ ನಾನು ತುರುಕಲ್ಲ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳೋಕ್ಕಾಗಲ್ಲ. ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳೋಣ, ನೀವೂ ಜೊತೆಗಿರಿ." ಕೆಲವರು ನಿಜವಾಗಿಯೂ, ನನಗೆ ಬೇಡ, ಮಗಳ ಹತ್ರ ಹೇಳಿ ಅನ್ನುತ್ತಾರೆ. ಅದೂ ಅವರ ನಿರ್ಧಾರವೇ.

ಕುಸಿದು ಹೋಗುತ್ತಾರೆ ಅನ್ನುವ ಭಯ ನನಗೂ ಇತ್ತು. 2008ರ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ತುಂಬಾ ಮುಂದುವರಿದಿದ್ದ 332 ರೋಗಿಗಳನ್ನು ಗಮನಿಸಿದ್ದರು. ಡಾಕ್ಟರ ಜೊತೆ ಕೊನೆಗಾಲದ ಮಾತು ಆಡಿದವರಲ್ಲಿ ಖಿನ್ನತೆಯಾಗಲಿ ಚಿಂತೆಯಾಗಲಿ ಉಳಿದವರಿಗಿಂತ ಜಾಸ್ತಿ ಇರಲಿಲ್ಲ. ಕೊನೆಯ ವಾರದಲ್ಲಿ ವೆಂಟಿಲೇಟರ್, ಐಸಿಯು ಕಡಿಮೆ ಇತ್ತು. ಇದರಿಂದ ಸ್ವಲ್ಪ ಧೈರ್ಯ ಬಂತು. ಆದರೆ 2013ರ ಇನ್ನೊಂದು ಅಧ್ಯಯನ ಅಷ್ಟು ಸಮಾಧಾನ ಕೊಡಲಿಲ್ಲ. ಕಲಿಯುತ್ತಿರುವ ಡಾಕ್ಟರು, ನರ್ಸ್‌ಗಳಿಗೆ ನಾವು ಮಾಡಿದಂಥದ್ದೇ ಪಾತ್ರಾಭಿನಯದ ತರಬೇತಿ ಕೊಟ್ಟು, ಅವರ ರೋಗಿಗಳನ್ನು ಕೇಳಿದರೆ, ಮಾತುಕತೆಯ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗಿಗಳಲ್ಲಿ ಖಿನ್ನತೆಯ ಲಕ್ಷಣ ಸ್ವಲ್ಪ ಜಾಸ್ತಿಯೇ ಆಗಿತ್ತು. ಇದನ್ನು ಓದಿ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಹೊಸ ಪ್ರಶ್ನೆಗಳನ್ನು ಕಲಿತು, ಬರುವ ಉತ್ತರವನ್ನು ಹೊರಲು ಕಲಿಯದೆ ಹೋದರೆ ನಾನು ಗಾಯ ತೆರೆದು ಹಾಗೇ ಬಿಟ್ಟ ಹಾಗಾಗುತ್ತದೆ, ಅಲ್ವಾ? ಎರಡು ದಿನದ ತರಗತಿ ಸಾಲದು ಅಂತ ನನಗೆ ಆಗಲೇ ಗಟ್ಟಿಯಾಗಿ ಅನ್ನಿಸಿತು. ಅದೃಷ್ಟಕ್ಕೆ ನಮ್ಮದು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಆರು ವಾರ, ವಾರಕ್ಕೊಮ್ಮೆ ಸಿಸ್ಟರ್ ಬಂದು ನಮ್ಮ ನಿಜವಾದ ಮಾತುಕತೆಯಲ್ಲಿ, ರೋಗಿಯ ಒಪ್ಪಿಗೆ ಪಡೆದು, ಮೂಲೆಯಲ್ಲಿ ಕೂರುತ್ತಿದ್ದರು.

ಯಾರ ಜೊತೆ ಶುರು ಮಾಡುವುದು? ಇದಕ್ಕೆ ಒಂದು ಪ್ರಶ್ನೆ ಇದೆ. ಈ ರೋಗಿ ಮುಂದಿನ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ? ಇಲ್ಲ ಅಂತಾದರೆ ಮಾತಾಡುವ ಸಮಯ ಬಂದಿದೆ. ನಾನು ಒಂದು ದಿನದ ಹೊರರೋಗಿಗಳ ಪಟ್ಟಿ ಹಿಡಿದು ಕೂತೆ. 31 ಜನರಲ್ಲಿ ಏಳು ಹೆಸರಿನ ಮುಂದೆ ಗುರುತು ಬಿತ್ತು. ಆ ಏಳು ಜನರಲ್ಲಿ ಒಬ್ಬರ ಜೊತೆಗೂ ನಾನು ಮಾತಾಡಿರಲಿಲ್ಲ.

ಮೊದಲನೆಯವರು ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ವಯಸ್ಸು 66. ಬಂದರೆ ಇಡೀ ಹೊರಗಿನ ಬೆಂಚು ಅವರ ಮಾತು ಕೇಳುತ್ತಿತ್ತು. ಸೊಸೆ ಜೊತೆಗಿದ್ದರು. ನಾನು ಪೆನ್ನು ಕೆಳಗಿಟ್ಟೆ. ಮುಂದಿನದರ ಬಗ್ಗೆ ಸ್ವಲ್ಪ ಮಾತಾಡಬಹುದಾ ಅಂತ ಕೇಳಿದೆ.

"ಕೇಳಿ ಡಾಕ್ಟ್ರಮ್ಮ. ನೀವು ಯಾವತ್ತಾದ್ರೂ ಕೇಳ್ತೀರಿ ಅಂತ ಕಾಯ್ತಾನೇ ಇದ್ದೆ."

ಕಾಯಿಲೆ ವಾಸಿಯಾಗಲ್ಲ ಅಂತ ಅವರಿಗೆ ಗೊತ್ತಿತ್ತು. ಸಾವಿನ ಭಯ ಅಷ್ಟಿಲ್ಲ ಅಂದರು. ನಾನು ಅವರ ದೊಡ್ಡ ಭಯ ವೆಂಟಿಲೇಟರ್ ಇರಬೇಕು ಅಂದುಕೊಂಡಿದ್ದೆ. ಅವರು ಹೇಳಿದ್ದು ಬೈಪ್ಯಾಪ್ ಮಾಸ್ಕ್ ಬಗ್ಗೆ. ಗಂಟಲಿಗೆ ಟ್ಯೂಬ್ ಹಾಕದೆ, ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ಸಹಾಯ ಮಾಡುವ ಮಾಸ್ಕ್ ಅದು. ಹಿಂದಿನ ಸಲ ಆಸ್ಪತ್ರೆಯಲ್ಲಿ ಎರಡು ದಿನ ಮುಖಕ್ಕೆ ಬಿಗಿದು ಕಟ್ಟಿದ್ದರಂತೆ. "ಬೆನ್ನು ಉರೀತಾ ಇತ್ತು, ನೀರು ಬೇಕಿತ್ತು. ಕೂಗಿದ್ರೆ ಯಾರಿಗೂ ಕೇಳಿಸ್ತಿರ್ಲಿಲ್ಲ. ಎಲ್ಲಾರೂ ಸುತ್ತ ಇದ್ರು, ನನ್ನ ಮಾತು ಮಾತ್ರ ಇರ್ಲಿಲ್ಲ." ಬಹಳ ಒಳ್ಳೆಯ ಚಿಕಿತ್ಸೆ ಕೊಟ್ಟೆವು ಅಂತ ನಾನೇ ಆ ಫೈಲಿನಲ್ಲಿ ಬರೆದಿದ್ದೆ. ಎರಡು ನಿಮಿಷ ನನಗೆ ಏನೂ ಹೇಳಲಾಗಲಿಲ್ಲ. ಈ ಸಲ ಎಣಿಸುವ ಅಗತ್ಯ ಬರಲಿಲ್ಲ.

ನಿಮಗೆ ಮಾತಾಡಲು ಆಗದಾಗ ಯಾರನ್ನು ಕೇಳಬೇಕು ಅಂದಾಗ ಅವರು ಸೊಸೆಯ ಕೈ ಹಿಡಿದರು. ನಾನು ಮಗನ ಹೆಸರು ಬರೆಯಲು ಸಿದ್ಧವಾಗಿದ್ದೆ. "ಮಗನಿಗೆ ನನ್ನ ಬಿಡೋಕ್ಕಾಗಲ್ಲ ಡಾಕ್ಟ್ರಮ್ಮ. ಸಾಕು ಅನ್ನೋ ಮಾತು ಅವನ ಬಾಯಲ್ಲಿ ಆಡಿಸ್ಬೇಡಿ. ಇವಳು ಗಟ್ಟಿ." ಸೊಸೆ ಅಳುತ್ತಿದ್ದರು, ಕೈ ಬಿಡಲಿಲ್ಲ. ಹಾಗೆ ತೀರ್ಮಾನವಾಯಿತು: ಮಾಸ್ಕ್ ಹಾಕಬಹುದು, ಆದರೆ ಸಾಧ್ಯವಾದಾಗಲೆಲ್ಲ ತೆಗೆದು ಮಾತಾಡಿಸಬೇಕು, ಕೈಗೆ ಬರೆಯುವ ಹಲಗೆ ಕೊಡಬೇಕು. ಗಂಟಲಿಗೆ ಟ್ಯೂಬ್ ಬೇಡ. ಒಟ್ಟು 35 ನಿಮಿಷ ಆಯಿತು. ಹೊರಗೆ ರೋಗಿಗಳು ಬೇಸರ ಮಾಡಿಕೊಂಡರು, ಅದು ನ್ಯಾಯವೇ. ಇಂಥ ಮಾತಿಗೆ ಬೇರೆ ಸಮಯ ಇಡಬೇಕು ಅಂತ ಆಡಳಿತದ ಜೊತೆ ನಾನು ಇವತ್ತಿಗೂ ಕೇಳುತ್ತಲೇ ಇದ್ದೇನೆ.

ಮುಗಿದ ಮೇಲೆ ಸಿಸ್ಟರ್ ಒಂದೇ ತಿದ್ದುಪಡಿ ಹೇಳಿದರು. "ಚೆನ್ನಾಗಿತ್ತು. ಆದ್ರೆ ಇದು ಎಲ್ಲಿ ಬರೀತೀರಿ?" ನಾನು ಅವತ್ತಿನ ಭೇಟಿಯ ಪುಟದಲ್ಲೇ ಬರೆದಿದ್ದೆ. ಅವರು ಸುಮ್ಮನೆ ತಲೆ ಆಡಿಸಿದರು. ಅವರ ಚಿಂತೆ ನನಗೆ ಅರ್ಥವಾಗಿದ್ದು ಏಳು ವಾರದ ನಂತರ.

ರಾತ್ರಿ ಎರಡು ಗಂಟೆಗೆ ಆಕೆಯನ್ನು ತುರ್ತು ವಿಭಾಗಕ್ಕೆ ಕರೆತಂದರು. ಡ್ಯೂಟಿಯಲ್ಲಿದ್ದ ಹುಡುಗ ಒಳ್ಳೆಯ ಡಾಕ್ಟರು, ಫೈಲ್ ತಿರುವಿ ನೋಡುವಷ್ಟು ಸಮಯ ಅವರಿಗಿರಲಿಲ್ಲ. ಟ್ಯೂಬ್ ಹಾಕಲು ಎಲ್ಲ ಸಿದ್ಧ ಮಾಡಿಕೊಂಡಿದ್ದರು. ಸೊಸೆ ಅಡ್ಡ ನಿಂತು, ಅತ್ತೆ ಹೇಳಿದ್ದನ್ನು ಒಂದೊಂದಾಗಿ ಹೇಳಿದರಂತೆ. ಆ ಡಾಕ್ಟರು ನನಗೆ ಫೋನ್ ಮಾಡಿದರು, ಮಾಸ್ಕ್ ಹಾಕಿದರು, ಹಲಗೆ ಕೊಟ್ಟರು. ಐದು ದಿನಕ್ಕೆ ಆಕೆ ಮನೆಗೆ ಹೋದರು. ಸೊಸೆ ಅವತ್ತು ಆ ಕೋಣೆಯಲ್ಲಿ ಇರದಿದ್ದರೆ, ನಾನು ಬರೆದ ಸಾಲು ಎರಡು ತಿಂಗಳು ಹಿಂದಿನ ಪುಟದಲ್ಲೇ ಇರುತ್ತಿತ್ತು. ಮರುದಿನವೇ ನಾವು ಹಳದಿ ಹಾಳೆ ಶುರು ಮಾಡಿದೆವು. ಫೈಲ್ ತೆರೆದ ಕೂಡಲೇ ಮೊದಲು ಕಾಣುವುದು ಅದೇ. ರೋಗಿಯ ಮಾತುಗಳಲ್ಲೇ ಬರೆದ ಐದಾರು ಸಾಲು, ಯಾರನ್ನು ಕೇಳಬೇಕು, ಫೋನ್ ನಂಬರ್, ತಾರೀಕು. ಇನ್ನೊಂದು ಪ್ರತಿ ಮನೆಗೆ.

ನಾಲ್ಕು ತಿಂಗಳ ನಂತರ ಅವರು ಮತ್ತೆ ಬಂದರು. ಈ ಸಲ ಗಾಲಿಕುರ್ಚಿಯಲ್ಲಿ. ಕೂರುವ ಮೊದಲೇ ಹೇಳಿದರು, "ಆ ಹಳದಿ ಕಾಗದ ತೆಗೀರಿ. ಒಂದು ಬದಲಾಯಿಸ್ಬೇಕು."

ಇನ್ನೂ ಕಡಿಮೆ ಚಿಕಿತ್ಸೆ ಕೇಳುತ್ತಾರೆ ಅಂತ ನಾನು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಬಿಟ್ಟಿದ್ದೆ. ಪೆನ್ನು ಕೈಯಲ್ಲಿತ್ತು. ಕೆಳಗಿಟ್ಟೆ. ಏನಾಯ್ತಮ್ಮಾ ಅಂತ ಕೇಳಿದೆ.

ಚಿಕ್ಕ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಎರಡು ತಿಂಗಳಿಗೆ ಬರುತ್ತಾನೆ ಅಂದರು. ಅವನನ್ನು ನೋಡಬೇಕು. ಅಲ್ಲಿಯವರೆಗೆ ಏನಾದರೂ ಆದರೆ ಟ್ಯೂಬ್ ಹಾಕಿ, ನಾಲ್ಕೈದು ದಿನ ನೋಡಿ. ಅಷ್ಟರಲ್ಲಿ ಸರಿ ಹೋಗದಿದ್ದರೆ ತೆಗೆದುಬಿಡಿ. ಅವನು ಬಂದು ಹೋದ ಮೇಲೆ ಮೊದಲು ಹೇಳಿದ್ದೇ ಇರಲಿ. ಟ್ಯೂಬ್ ಇದ್ದರೆ ಮಾತು ಪೂರ್ತಿ ಹೋಗುತ್ತದೆ, ಒಮ್ಮೆ ಹಾಕಿದ ಮೇಲೆ ಎಚ್ಚರವಾಗಿ ಮಗನನ್ನು ನೋಡುವ ಹಾಗೆ ಆಗದೇ ಇರಬಹುದು ಅಂತ ನಾನು ಹೇಳಿದೆ, ನಿಧಾನಕ್ಕೆ, ನಡುವೆ ನಿಂತು. ಅವರು ಯೋಚಿಸಿದರು. ಸೊಸೆಯ ಮುಖ ನೋಡಿದರು. "ಗೊತ್ತು. ಆದ್ರೂ ಎರಡು ತಿಂಗಳು" ಅಂದರು.

ಹಳೆಯ ಹಾಳೆಯ ಮೇಲೆ ಅಡ್ಡ ಗೆರೆ ಎಳೆದು ತಾರೀಕು ಹಾಕಿದೆ. ಹೊಸ ಹಾಳೆ ಬರೆದು ಅವರಿಗೆ ಓದಿ ಹೇಳಿದೆ. ಮಗ ಬರುವ ತಿಂಗಳನ್ನು ದೊಡ್ಡದಾಗಿ ಬರೆಯಿರಿ ಅಂದರು, ಹಾಗೇ ಬರೆದೆ.